ಖಾಲಿ ಡಬ್ಬದ ಮರ್ಯಾದೆ

ಆಗ ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಎಂಬತ್ತರ ದಶಕದಲ್ಲಿ ದೊಡ್ಡೇರಿ ಹೋಬಳಿಯ ಒಂದು ಹಳ್ಳಿಯಲ್ಲಿ ಕಂಬಳಿ ನೇಕಾರರ ಸಹಕಾರ ಸಂಘಕ್ಕೆ ಇಲಾಖೆ ಕಳಿಸಿದ ಕಾರ್ಯದರ್ಶಿಯಾಗಿದ್ದೆ. ಹನ್ನೆರಡು ಮಗ್ಗ, ರಸ್ತೆ ಬದಿಗೊಂದು ತಗಡಿನ ಗೋದಾಮು, ಒಂದು ಕುಂಟು ಮೇಜು. ಇಷ್ಟಕ್ಕೆ ನಾನೇ ದೊರೆ. ಊರವರೆಲ್ಲ ಸೆಕ್ರೆಟ್ರಪ್ಪ ಎಂದು ಕರೆಯುತ್ತಿದ್ದರು, ನಾನೂ ಹಾಗೆ ಕರೆದರೆ ಮಾತ್ರ ತಿರುಗಿ ನೋಡುತ್ತಿದ್ದೆ.

ಊರಲ್ಲಿ ನನ್ನ ಕೋಪಕ್ಕೆ ಕ್ಯಾರೇ ಅನ್ನದ ಜೀವ ಒಂದೇ ಒಂದು. ಕಂಬಳಿಗೆ ಅಂಚು ಹೊಲಿಯುವ ಹೆಂಗಸರ ಗುಂಪಿಗೆ ಯಜಮಾನಿಯಂತಿದ್ದ ಅಜ್ಜಿ. ಕುರಿ ಕಾಯುವ ಮನೆಯಲ್ಲಿ ಹುಟ್ಟಿ, ಕುರಿ ಕಾಯುವ ಮನೆಗೇ ಸೇರಿದವಳು. ಅವಳು ನೂತ ಕರಿ ಉಣ್ಣೆಯ ನೂಲು ಎಷ್ಟು ಬಿಗಿಯೆಂದರೆ ಎಳೆದವರ ಬೆರಳು ಕೊಯ್ಯಬೇಕೇ ಹೊರತು ನೂಲು ತುಂಡಾಗುತ್ತಿರಲಿಲ್ಲ. ಸಂಘದ ಅಂಚೆಲ್ಲ ಆ ನೂಲಿನದೇ.

ಆ ಅಂಚನ್ನು ನೋಡಿಯೇ ಬೆಂಗಳೂರಿನ ರಫ್ತು ವ್ಯಾಪಾರಿಯೊಬ್ಬರು ನಮ್ಮಲ್ಲಿಗೆ ಬಂದದ್ದು. ನಮ್ಮ ಒರಟು ಕಂಬಳಿಯನ್ನು ಪರದೇಶದವರು ನೆಲಕ್ಕೆ ಹಾಸಿಕೊಳ್ಳುತ್ತಾರಂತೆ. ಸಿರಾ, ಪಾವಗಡ, ಕೊರಟಗೆರೆ ಕಡೆಯ ಸಂಘಗಳ ಕಂಬಳಿಯೂ ನಮ್ಮ ಗೋದಾಮಿಗೇ ಬರಬೇಕು, ಎಲ್ಲಕ್ಕೂ ನಮ್ಮ ಹೆಂಗಸರೇ ಅಂಚು ಹೊಲಿಯಬೇಕು, ಕಂಟೇನರ್ ನಮ್ಮ ಬಾಗಿಲಿಗೇ ಬರುತ್ತದೆ ಎಂದರು. ಕುಂಟು ಮೇಜಿನ ಮೇಲೆ ಕೂತು ಮುಂದಿನ ಕಾಲದ ಬಗ್ಗೆ ಅರ್ಧ ಗಂಟೆ ಭಾಷಣವನ್ನೂ ಮಾಡಿದರು. ಇನ್ನು ಮೇಲೆ ಪ್ರಪಂಚದ ಸಾಮಾನೆಲ್ಲ ಇಂಥ ಪೆಟ್ಟಿಗೆಯಲ್ಲೇ ಓಡಾಡುತ್ತದೆ, ಇಲ್ಲಿ ಬಾಗಿಲು ಹಾಕಿದರೆ ಅಲ್ಲೇ ತೆಗೆಯುವುದು, ನಡುವೆ ಒಬ್ಬರ ಕೈಯೂ ಸೋಕುವುದಿಲ್ಲ. ನಾನು ಕಣ್ಣರಳಿಸಿ ಕೇಳಿದೆ. ಈ ಆರ್ಡರ್ ಕೈಬಿಟ್ಟು ಹೋದರೆ ನಮ್ಮ ಹನ್ನೆರಡು ಮಗ್ಗದಲ್ಲಿ ಒಂಬತ್ತು ಮೊದಲಿನಂತೆ ಧೂಳು ತಿನ್ನುತ್ತಾ ಕೂರುವುದು ಖಂಡಿತ ಎಂದು ನನಗೆ ಗೊತ್ತಿತ್ತು.

ಮೊದಲ ಕಂಟೇನರ್ ಬಂದ ದಿನ ಊರಿಗೆ ಊರೇ ರಸ್ತೆಗೆ ಬಂದು ನಿಂತಿತ್ತು. ಲಾರಿಗೆ ಅಡ್ಡ ಬಂದ ಹುಣಸೆ ಕೊಂಬೆ ಕಡಿದು, ಹಿಂದೆ ಮುಂದೆ ಮಾಡಿ ಅಂತೂ ಗೋದಾಮಿನ ಮುಂದೆ ನಿಲ್ಲಿಸಿದರು. ಡ್ರೈವರ್ ಎರಡು ಬಾಗಿಲನ್ನೂ ಹಾರೆ ಹೊಡೆದಂತೆ ಸದ್ದು ಮಾಡಿ ತೆರೆದ. ಅಜ್ಜಿ ಸೆರಗು ಸಿಕ್ಕಿಸಿಕೊಂಡು ಎಲ್ಲರಿಗಿಂತ ಮುಂದೆ ಹೋಗಿ ಇಣುಕಿದಳು.

"ಎಲ್ಲಿಂದ ಬಂತಪ್ಪ ಇದು?"

"ಹಡಗಲ್ಲಿ ಬಂತು ಅಜ್ಜಿ. ಸಮುದ್ರದ ಆಚೆಯಿಂದ."

"ಅಷ್ಟು ದೂರದಿಂದ ಬಂದದೆ, ಒಳಗೆ ಒಂದು ಕಾಳೂ ಇಲ್ವಲ್ಲಪ್ಪ."

ನಮ್ಮ ಕಡೆ ಬೇರೆ ಮನೆಯ ಪಾತ್ರೆಯನ್ನು ಬರಿದಾಗಿ ವಾಪಸ್ ಕೊಡುವುದಿಲ್ಲ. ಸಾರು ತಂದುಕೊಟ್ಟ ತಂಬಿಗೆಗೆ ನಾಲ್ಕು ಅವರೆಕಾಳಾದರೂ, ಒಂದು ಚೂರು ಬೆಲ್ಲವಾದರೂ ಹಾಕಿಯೇ ಕಳಿಸಬೇಕು. ಅಜ್ಜಿಯ ಲೆಕ್ಕದಲ್ಲಿ ಇದು ಯಾರದೋ ಮನೆಯ ಪಾತ್ರೆ. ಸ್ವಲ್ಪ ದೊಡ್ಡದು, ಅಷ್ಟೆ. ಕಂಬಳಿಯ ಬೇಲುಗಳೆಲ್ಲ ಒಳಗೆ ಹೋದ ಮೇಲೆ ಒಂದು ಸೇರು ರಾಗಿ ಗಂಟು ಕಟ್ಟಿಕೊಂಡು ಬಂದೇಬಿಟ್ಟಳು.

"ಅಜ್ಜಿ, ಪೆಟ್ಟಿಗೆ ತುಂಬ ಕಂಬಳಿ ಕಳಿಸ್ತಿದ್ದೀವಿ. ಬರಿದಾಗಿ ಎಲ್ಲಿ ಹೋಗುತ್ತೆ?"

"ಕಂಬ್ಳಿ ಯಾಪಾರ ಕಣಪ್ಪ. ನಾನು ಯೋಳ್ತಿರೋದು ಮರ್ವಾದೆ."

ಕಾಗದದಲ್ಲಿ ಬರೆದದ್ದಲ್ಲದೆ ಬೇರೇನಾದರೂ ಸಿಕ್ಕಿದರೆ ಇಡೀ ಮಾಲು ಬಂದ ದಾರಿ ಹಿಡಿಯುತ್ತದೆ ಎಂದು ನಾನು ಗದರಿದೆ. ಅಜ್ಜಿ ಗಂಟು ಎತ್ತಿಕೊಂಡು ಸುಮ್ಮನೆ ಹೋದಳು. ಅವಳು ಸುಮ್ಮನಾದಳೆಂದರೆ ಅನುಮಾನ ಪಡಬೇಕು ಎಂಬ ಬುದ್ಧಿ ಆಗಿನ್ನೂ ನನಗೆ ಬಂದಿರಲಿಲ್ಲ. ಬಾಗಿಲಿಗೆ ಸೀಲು ಹಾಕಲು ಬಂದಿದ್ದ ಸುಂಕದ ಅಧಿಕಾರಿಗೆ ನೀರು ಮಜ್ಜಿಗೆ ಕೊಡಿಸಲು ನಾನು ಆ ಕಡೆ ಹೋದೆ. ಬಂದ ಮೇಲೆ ಬಾಗಿಲಿಗೆ ಸೀಲು ಬಿತ್ತು.

ನಾಲ್ಕು ತಿಂಗಳಾದ ಮೇಲೆ ಎರಡನೇ ಕಂಟೇನರ್ ಬಂತು. ಅಜ್ಜಿ ಅಂದು ಮಡಿಸಿಟ್ಟ ಸೀರೆಯುಟ್ಟು, ತಲೆಗೆ ಎಣ್ಣೆ ಹಚ್ಚಿ, ಬೆಳಗ್ಗೆಯೇ ಗೋದಾಮಿನ ಕಟ್ಟೆ ಮೇಲೆ ಬಂದು ಕೂತಿದ್ದಳು. ಬಾಗಿಲು ತೆರೆಯಿತು. ಒಳಗೆ ಹೋಗಿ ನಾಲ್ಕು ಮೂಲೆಯನ್ನೂ ಕೈಯಾಡಿಸಿ ನೋಡಿ ಬಂದಳು. ಮುಖ ಸಣ್ಣದಾಗಿತ್ತು.

"ಏನು ಹುಡುಕಿದ್ದು ಅಜ್ಜಿ?"

"ರಾಗಿ ಕಳ್ಸಿದ್ನಲ್ಲಪ್ಪ. ಅವ್ರು ಏನಾದ್ರೂ ಹಾಕಿರ್ತಾರೇನೋ ಅಂತ."

ನಾಲ್ಕು ತಿಂಗಳ ಹಿಂದೆಯೇ ಆ ಗಂಟು ಕಂಬಳಿಯ ಸಂದಿಯಲ್ಲಿ ಕೂತು ಸಮುದ್ರ ದಾಟಿತ್ತು. ಯಾರ ಕೈಗೆ ಸಿಕ್ಕಿತೋ, ಏನೆಂದುಕೊಂಡರೋ, ದೂರಂತೂ ಬಂದಿರಲಿಲ್ಲ. ನಾನು ಬಾಯಿಗೆ ಬಂದಂತೆ ಕೂಗಾಡಿದೆ. ಆಮೇಲೆ, ಕೂಗಿ ಸುಸ್ತಾಗಿ, ತಿಳಿಹೇಳಿದೆ. ಇದು ಆ ಪೆಟ್ಟಿಗೆಯೇ ಅಲ್ಲ ಅಜ್ಜಿ, ನಂಬರ್ ನೋಡು, ಬೇರೆ. ಇವು ಯಾರ ಮನೆಯವೂ ಅಲ್ಲ, ಊರೂರು ತಿರುಗುತ್ತವೆ, ಇಳಿಸಿದ ಕಡೆ ಖಾಲಿಯಾಗುತ್ತವೆ, ಕರೆದ ಕಡೆ ಹೋಗುತ್ತವೆ.

ಅಜ್ಜಿ ಪೂರ್ತಿ ಕೇಳಿಸಿಕೊಂಡಳು. "ಪಾತ್ರೆ ಬೇರೆ ಇರಬೈದು. ಕಳ್ಸಿದ ಮನೆ ಅದೇ ತಾನೆ?" ಎಂದಳು. "ಈ ಸಲದ್ದು ಹೊಲ್ದು ಮುಗ್ಸಿದ್ದೀವಿ, ತಗೊಂಡೋಗ್ಲಿ. ಇನ್ನು ಆ ಮನೆಗೆ ನಾವು ಅಂಚು ಹೊಲಿಯಾಕಿಲ್ಲ."

ಮಾತಿಗೆ ಹೇಳಿದಳು ಅಂದುಕೊಂಡೆ. ಮರುವಾರ ಪಾವಗಡದ ಕಂಬಳಿ ಬಂದು ಬಿದ್ದಿತು, ಒಬ್ಬ ಹೆಂಗಸೂ ಸೂಜಿ ಮುಟ್ಟಲಿಲ್ಲ. ಸಿರಾದ್ದೂ ಬಂತು. ಗೋದಾಮು ಸೂರಿನವರೆಗೆ ತುಂಬಿತು. ಗಂಡಸರನ್ನು ಕೇಳಿದರೆ "ನಮ್ಮ ಮಾತು ಎಲ್ಲಿ ಕೇಳ್ತಾರೆ ಸಾಮಿ" ಎಂದು ಬೀಡಿ ಹಚ್ಚಿದರು. ಬೇಡಿಕೊಂಡೆ, ಬೆದರಿಸಿದೆ, ಒಂದು ದಿನ ಮುನಿಸಿಕೊಂಡು ಮಾತೂ ಬಿಟ್ಟೆ. ನಾನು ಮಾತು ಬಿಟ್ಟದ್ದನ್ನು ಯಾರೂ ಗಮನಿಸಲಿಲ್ಲ.

ಮೂರನೇ ಕಂಟೇನರ್ ಬರಲು ಇಪ್ಪತ್ತು ದಿನವಿತ್ತು. ಇನ್ನು ಬುದ್ಧಿ ಓಡಿಸದೆ ವಿಧಿಯಿಲ್ಲ. ಮುಂದಿನ ಸಲ ಅವರು ಖಂಡಿತ ಏನಾದರೂ ಹಾಕುತ್ತಾರೆ, ನಾನು ಕಾಗದ ಬರೆಸಿದ್ದೇನೆ ಎಂದು ಸುಳ್ಳು ಹೇಳಿದೆ. "ನೋಡಾಣ" ಎಂದಳು ಅಜ್ಜಿ. ಅಂದಿನಿಂದ ಹೊಲಿಗೆ ಶುರುವಾಯಿತು, ಆದರೆ ಒಂದೊಂದು ಕಂಬಳಿಯಲ್ಲೂ ಒಂದು ಬದಿಯ ಅಂಚು ಹಾಗೇ ಉಳಿಯಿತು. ಕಂಟೇನರ್ ಡಬ್ಬ ತೆರೆದ ಮೇಲೆ ಉಳಿದದ್ದು ಎಂದು ಷರತ್ತು.

ಕಂಟೇನರ್ ಬರುವ ದಿನ ಮೊದಲ ಬಸ್ಸಿಗೆ ಸಿರಾಕ್ಕೆ ಹೋದೆ. ಪೇಟೆಯ ಸಾಹೇಬರ ಅಂಗಡಿಯಲ್ಲಿ ಖರ್ಜೂರ ಕೊಂಡೆ. ಪರದೇಶದ ಹಣ್ಣು, ಯಾರೂ ಅನುಮಾನ ಪಡುವಂತಿಲ್ಲ. ಬೇಕರಿಯಲ್ಲಿ ಹೂವಿನ ಚಿತ್ರದ ಒಂದು ಗುಂಡು ಬಿಸ್ಕತ್ತಿನ ಡಬ್ಬ ಕೊಂಡು ಅದಕ್ಕೆ ತುಂಬಿದೆ. ಮುಚ್ಚಳ ಸಡಿಲವಿತ್ತು. ಚೀಲದಲ್ಲಿ ದಾರ ಸಿಕ್ಕಿತು, ಬಿಗಿಯಾಗಿ ಕಟ್ಟಿದೆ. ಹೆದ್ದಾರಿಯ ಹೋಟೆಲಿನ ಮುಂದೆ ಕಾದಿದ್ದು, ಇಡ್ಲಿ ತಿನ್ನಲು ಲಾರಿ ನಿಂತಾಗ ಡ್ರೈವರನಿಗೆ ಕಥೆಯೆಲ್ಲ ಹೇಳಿದೆ. ಅವನು ಅನಂತಪುರದ ಕಡೆಯವನು. ನಕ್ಕು ನಕ್ಕು ಕಾಫಿ ಚೆಲ್ಲಿಕೊಂಡ.

"ಇಷ್ಟು ವರ್ಷ ಬಂಡಿ ನಡಿಪಿಸಿದೀನಿ ಸಾರ್. ಖಾಲಿ ಡಬ್ಬಕ್ಕೆ ಲೋಡ್ ಹಾಕೋರ್ನ ಈ ದಿನವೇ ನೋಡಿದ್ದು" ಎಂದು ಬಾಗಿಲು ತೆರೆದುಕೊಟ್ಟ.

ಊರಿನಲ್ಲಿ ಬಾಗಿಲು ತೆರೆದಾಗ, ಅಷ್ಟು ದೊಡ್ಡ ಕಬ್ಬಿಣದ ಕೋಣೆಯ ತುತ್ತತುದಿಯಲ್ಲಿ ಆ ಪುಟ್ಟ ಡಬ್ಬ ಒಂದೇ ಕೂತಿತ್ತು. ಹೆಂಗಸರು ಬಾಯಿ ಮೇಲೆ ಕೈ ಇಟ್ಟುಕೊಂಡರು. ಅಜ್ಜಿ ಒಳಗೆ ನಡೆದುಹೋಗಿ ಎತ್ತಿಕೊಂಡು ಬಂದಳು. ದಾರ ಬಿಚ್ಚಿದಳು, ಬೆರಳಿಗೆ ಸುತ್ತಿಕೊಂಡು ನಿಧಾನಕ್ಕೆ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡಳು. ಎಲ್ಲರಿಗೂ ಒಂದೊಂದು ಖರ್ಜೂರ ಹಂಚಿ, ನನಗೂ ಒಂದು ಕೊಟ್ಟು, "ಬಂತು ಕಣ್ರಮ್ಮಿ, ಸೂಜಿ ತಗೊಳ್ಳಿ" ಎಂದಳು. ಸಂಜೆಯ ಹೊತ್ತಿಗೆ ಅಂಚೆಲ್ಲ ಮುಗಿದು ಲಾರಿ ಹೊರಟಿತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮರುದಿನ ಬೆಳಗ್ಗೆ ಆಫೀಸಿನ ಬಾಗಿಲು ತೆಗೆಯುವಾಗ ಅಜ್ಜಿ ಬಂದಳು. ಕುಂಟು ಮೇಜಿನ ಮೇಲೆ ಹೂವಿನ ಚಿತ್ರದ ಡಬ್ಬ ಇಟ್ಟಳು. ತುಂಬ ಹುರಿಹಿಟ್ಟು, ಮೇಲೊಂದು ಉಂಡೆ ಬೆಲ್ಲ, ಮುಚ್ಚಳಕ್ಕೆ ಸಿರಾದಲ್ಲಿ ನಾನು ಕಟ್ಟಿದ್ದ ಅದೇ ಕರಿ ಉಣ್ಣೆಯ ನೂಲು. ಆ ನೂಲನ್ನು ಇಡೀ ಪ್ರಪಂಚದಲ್ಲಿ ನೂಲುತ್ತಿದ್ದವಳು ಅವಳೊಬ್ಬಳೇ. ಅದು ನನಗೆ ಹೊಳೆದದ್ದು ಆಗ.

"ಅಜ್ಜಿ..." ಎಂದೆ.

"ಬರಿ ಡಬ್ಬ ಕೊಡಬಾರ್ದಲ್ಲಪ್ಪ" ಎಂದಳು. ಅಷ್ಟೇ. ಬೈಗುಳವಿಲ್ಲ, ನಗುವಿಲ್ಲ. ನನಗೆ ಅಷ್ಟು ನಾಚಿಕೆಯೂ ಅಷ್ಟು ಸಂತೋಷವೂ ಒಟ್ಟಿಗೆ ಆದದ್ದು ಮತ್ತೆ ನೆನಪಿಲ್ಲ.

ಆಮೇಲೆ ಕಂಟೇನರುಗಳು ಖಾಲಿಯಾಗಿಯೇ ಬಂದವು, ಅಜ್ಜಿ ಇಣುಕಿಯೂ ನೋಡಲಿಲ್ಲ. ಡಬ್ಬ ಮಾತ್ರ ನಮ್ಮಿಬ್ಬರ ನಡುವೆ ಓಡಾಡಿತು. ನಾನು ಸಿರಾದಿಂದ ಖಾರಾಸೇವೆ ತಂದು ತುಂಬಿದರೆ ಅವಳಿಂದ ಹುಣಸೆ ತೊಕ್ಕು ಬರುತ್ತಿತ್ತು. ಕೊರಟಗೆರೆಯ ನಮ್ಮ ಮನೆಯಿಂದ ಕೋಡುಬಳೆ ಹೋದರೆ ಹುರಿದ ಕಡಲೆಕಾಯಿ. ಎರಡು ವರ್ಷ ಒಮ್ಮೆಯೂ ಬರಿದಾಗಲಿಲ್ಲ.

ನನಗೆ ಬೇರೆ ಜಿಲ್ಲೆಗೆ ವರ್ಗವಾದ ದಿನ ಅಜ್ಜಿ ಬಸ್ಸಿನ ಕಿಟಕಿಯಲ್ಲಿ ಡಬ್ಬ ಕೊಟ್ಟಳು. ಹುರಿಹಿಟ್ಟು. ದಾರಿಯಲ್ಲೇ ಅರ್ಧ ತಿಂದೆ. ಒಳ್ಳೆಯದೇನಾದರೂ ತುಂಬಿಕೊಂಡು ಹೋಗಬೇಕು ಅಂದುಕೊಂಡೆ. ಆ ವರ್ಷ ಮದುವೆಯಾಯಿತು, ಮುಂದಿನ ವರ್ಷ ಮತ್ತೊಂದು ವರ್ಗ, ಹೀಗೆ ಇವತ್ತು ನಾಳೆ ಎನ್ನುತ್ತಿರುವಾಗಲೇ ಅಜ್ಜಿ ಹೋದ ಸುದ್ದಿ ಬಂತು. ಪರದೇಶದವರನ್ನು ಎಂಥ ಜನ ಎಂದು ನಾವು ಆಡಿಕೊಂಡೆವು. ಅವರು ಬರಿ ಡಬ್ಬವನ್ನಾದರೂ ಕಳಿಸಿದರು. ನಾನು ಅದನ್ನೂ ಮಾಡಲಿಲ್ಲ.

ಡಬ್ಬ ಈಗಲೂ ಅಡುಗೆಮನೆಯ ಮೇಲಿನ ಹಲಗೆಯಲ್ಲಿದೆ. ಹೂವಿನ ಬಣ್ಣ ಹೋಗಿದೆ, ನೂಲು ಇನ್ನೂ ಗಟ್ಟಿಯಾಗಿದೆ. ಹೆಂಡತಿ ಅದರಲ್ಲಿ ಸಾಸಿವೆಯೋ ಮೆಂತ್ಯವೋ ತುಂಬಿಡಲು ಹೋದಾಗಲೆಲ್ಲ ನಾನು ಬೇಡ ಅನ್ನುತ್ತೇನೆ. ಏಕೆ ಎಂದು ಕೇಳಿದರೆ, ಅದು ಬೇರೆಯವರ ಮನೆಯದು ಅನ್ನುತ್ತೇನೆ.