ಸಂಗಪ್ಪ ಕಾಕಾ ತುಂಬಿಸಿದ ಹೊಂಡ

ಸಂಗಪ್ಪ ಕಾಕಾ ಬೀಗ ಹಾಕಿದ ಮೇಲೆ ಅದನ್ನು ಜಗ್ಗಿ ನೋಡುತ್ತಿದ್ದರು. ಓಣಿಯ ತಿರುವಿನವರೆಗೆ ಹೋಗಿ, ಮರಳಿ ಬಂದು ಮತ್ತೆ ಜಗ್ಗುತ್ತಿದ್ದರು. “ಈ ಬೀಗ ಮುರಿಯಾಕ ಕಳ್ಳ ಬೇಕಾಗಿಲ್ಲ, ಅವರೇ ಜಗ್ಗಿ ಮುರಿತಾರ” ಎಂದು ನಮ್ಮವ್ವ ನಗುತ್ತಿದ್ದಳು. ಕಾಕಾನ ಉತ್ತರ ಒಂದೇ: “ಚಿಂತಿ ಇಲ್ಲಂದ್ರ ನಾ ಏನೋ ಮರ್ತೇನಿ ಅಂತ ಅರ್ಥ.”

ಇಳಕಲ್ಲಿನಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ನಮ್ಮದು ಕೈಮಗ್ಗದ ಮನೆ. ಅವರದು ಊರ ಹೊರಗೆ ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಹಾಲ್ ಟಿಕೆಟ್ ಎಂದರೆ ಏನೆಂದು ಅಪ್ಪನಿಗೆ ಗೊತ್ತಿರಲಿಲ್ಲ. ಅದರ ಚಿಂತೆಯನ್ನು ಕಾಕಾ ತಾವೇ ಹೊತ್ತುಕೊಂಡರು. ಬಾಗಲಕೋಟೆಗೆ ಪರೀಕ್ಷೆಗೆ ಹೊರಟ ದಿನ ಬಸ್ಸು ಕದಲಿದ ಮೇಲೂ ಕಿಟಕಿ ಬಡಿದರು. “ಯವ್ವಾ, ಹಾಲ್ ಟಿಕೆಟ್ ಇನ್ನೊಮ್ಮೆ ತೋರ್ಸು.” ಕಂಡಕ್ಟರ್ ಕೇಳಿದ: “ಯಜಮಾನ್ರ, ಪರೀಕ್ಷಾ ಅಕಿದೋ ನಿಮ್ದೋ?” “ಇಬ್ರದೂ ಅನ್ರಿ” ಎಂದರು ಕಾಕಾ, ನಗದೆ.

ಮುಂದೆ ಕಾಕಾನ ಹೆಂಡತಿ ನೀಲವ್ವ ಕಾಕುಗೆ ಲಕ್ವಾ ಹೊಡೆದು ಎಡಗಾಲು ಸೋತಿತು. ಎದೆಮಟ್ಟದ ನೀರಿನಲ್ಲಿ ನಡೆಸಿದರೆ ಕಾಲಿಗೆ ಶಕ್ತಿ ಮರಳೀತು, ತಡ ಮಾಡಿದರೆ ಹಾಗೇ ಸೆಟೆದುಕೊಂಡೀತು ಎಂದರು ಡಾಕ್ಟರು. ಅಂದಿನಿಂದ ಕಾಕಾ ಸರಿಯಾಗಿ ನಿದ್ದೆ ಮಾಡಲಿಲ್ಲ. ಹಿತ್ತಲಲ್ಲಿ ಸ್ವಿಮ್ಮಿಂಗ್ ಪೂಲ್ ಕಟ್ಟಿಸಿದರು. ಓಣಿಯವರ ಬಾಯಲ್ಲಿ ಅದು ಹೊಂಡ. ತಳಕ್ಕೆ ತಮ್ಮದೇ ಕಾರ್ಖಾನೆಯ ಕಲ್ಲು, ಕನ್ನಡಿಯಂತೆ ಪಾಲಿಶ್ ಮಾಡಿಸಿದ್ದು. “ಅಕಿ ಇಳಿಯೂ ಹೊಂಡ. ಬಗ್ಗಿದ್ರ ಮುಖ ಕಾಣಬೇಕು.”

ನೀರು ಹಿತ್ತಲ ಬಾವಿಯದೇ. ಬೇಸಿಗೆಯಲ್ಲಿ ನಳ ಕೈಕೊಟ್ಟಾಗ ಓಣಿಯೆಲ್ಲ ಸೇದುವುದೂ ಅದೇ ಬಾವಿಯನ್ನು. ಬೇಗ ತುಂಬಿಸಿದರೆ ಓಣಿ ಒಣಗುತ್ತದೆ, ನಿಧಾನ ಮಾಡಿದರೆ ಕಾಕುವಿನ ಕಾಲು. ಬಾವಿಯ ಗಂಗವ್ವ ತಾಯಿಗೆ ಖಣ, ಕಾಯಿ ಇಟ್ಟು ಉಡಿ ತುಂಬಿ ಮೋಟರ್ ಹಚ್ಚಿದರು. ಸ್ವಲ್ಪ ಹೊತ್ತಿಗೆ ಆರಿಸಿದರು. ಬಾವಿಗೆ ಹರಳು ಹಾಕಿ, ನೀರು ಎಷ್ಟು ಇಳಿದಿದೆಯೆಂದು ಸಪ್ಪಳಕ್ಕೆ ಕಿವಿಗೊಟ್ಟು, ಮತ್ತೆ ಹಚ್ಚಿದರು. ದಿನಗಟ್ಟಲೆ ಹೀಗೇ ನಡೆಯಿತು. ಕೊಡ ತಂದ ಎದುರುಮನೆ ಚಂದ್ರವ್ವ, “ಸಂಗಪ್ಪಣ್ಣಾ, ಬಾವಿ ಎಲ್ಲಿಗೂ ಓಡಿ ಹೋಗೂದಿಲ್ರಿ” ಎಂದಳು.

“ಓಡಿ ಹೋದ್ರ ಹಿಡೀಬಹುದವ್ವಾ. ಅದು ಕೆಳಗ ಹೋಗ್ತೈತಿ. ಮೊದ್ಲ ನೀ ತುಂಬ್ಕೋ.”

ಹೊಂಡ ತುಂಬಿದ ದಿನ, ಕಾಕುಗಿಂತ ಮೊದಲು ತಾವು ಇಳಿದು ನೋಡುತ್ತೇನೆಂದು ಧೋತರ ಎತ್ತಿ ಕಟ್ಟಿದರು. ತಳಕ್ಕೆ ಕಾಲಿಟ್ಟವರು ಸರ್ರನೆ ಜಾರಿ ತಲೆಸಮೇತ ಮುಳುಗಿದರು. ಕಂಬಿ ಹಿಡಿದು ಎದ್ದು, ಮೆಟ್ಟಿಲ ಮೇಲೆ ಕೂತು, ತಳದ ಕಲ್ಲನ್ನು ಬಗ್ಗಿ ನೋಡಿದರು.

“ನೀರಿಗೆ ಅಂಜಿದ್ನಿ, ಬಾವಿಗೆ ಅಂಜಿದ್ನಿ. ಕಲ್ಲಿಗೆ ಅಂಜಲಿಲ್ಲ ನೋಡು. ಕಲ್ಲು ನಂದ ಅಂತ.”

ಕುರ್ಚಿಯಲ್ಲಿ ಕೂತಿದ್ದ ಕಾಕು ಸೆರಗಿನಿಂದ ಅವರ ತಲೆ ಒರೆಸಿದಳು. “ಪಾಲಿಶ್ ಮಾಡಿಸ್ದಾಂವನೇ ಜಾರಿದ. ಛಲೋ ಆತು, ಕಾರ್ಖಾನಿಗೆ ಹೆಸರು ಬಂತು.”

ಕಲ್ಲನ್ನು ಒರಟು ಮಾಡಬೇಕು, ಅದಕ್ಕೆ ಹೊಂಡ ಬರಿದಾಗಬೇಕು. ಅಷ್ಟು ನೀರನ್ನು ಗಟಾರಕ್ಕೆ ಬಿಡಲು ಕಾಕಾ ಒಪ್ಪಲಿಲ್ಲ. ಚಂದ್ರವ್ವ ಹಿತ್ತಲ ಗೋಡೆಯ ಮೇಲಿಂದ ಓಣಿಯವರನ್ನು ಕೂಗಿ ಕರೆದಳು. ಓಣಿ ಕೊಡ ಹೊತ್ತು ಬಂತು. ಅವರ ಬಾವಿಯ ನೀರಿನಲ್ಲಿ ನಮ್ಮ ಮನೆಯ ನೂಲು ತೊಳೆದೆವು. ಕಾರ್ಖಾನೆಯ ಆಳುಗಳು ಉಳಿ ಹಿಡಿದು, ತಾವೇ ಹೊಳಪು ಕೊಟ್ಟ ಕಲ್ಲಿನ ಮೈಯೆಲ್ಲ ಕಚ್ಚು ಮಾಡಿದರು. ಆದರೆ ಬಾವಿ ಇಳಿದಿತ್ತು. ದಿನಾ ಮುಂಜಾನೆ ಕಾಕಾ ಹರಳು ಹಾಕಿ ನನ್ನನ್ನು ಕರೆಯುತ್ತಿದ್ದರು. “ನೀ ಕಲ್ತಾಕಿ, ಕೇಳಿ ಹೇಳು. ನಿನ್ನಿಗಿಂತ ಸಪ್ಪಳ ಲಗೂ ಬಂತಿಲ್ಲ? ನೀರು ಮ್ಯಾಲ ಬಂದೈತಿಲ್ಲ?” ನನಗೂ ತಿಳಿಯುತ್ತಿರಲಿಲ್ಲ. ಹಾಗೆಂದೇ ಹೇಳುತ್ತಿದ್ದೆ. ಒಳಗೆ ಕಾಕುವಿನ ಕಾಲು ದಿನದಿನಕ್ಕೆ ಬಿಗಿಯುತ್ತಿತ್ತು.

ಕಡೆಗೆ ಸೆಲೆ ಒಸರಿ ಬಾವಿ ಏರಿತು. ಹೊಂಡ ಮತ್ತೆ ಎದೆಮಟ್ಟ ತುಂಬಿತು. ಕಾಕುವಿನ ನಡುವಿಗೆ ಹಳೆಯ ಇಳಕಲ್ ಸೀರೆ ಕಟ್ಟಿ, ಅದರ ತುದಿ ಹಿಡಿದು ಕಾಕಾ ದಂಡೆಯ ಮೇಲೆ ನಡೆಯುತ್ತಿದ್ದರು. “ಹುಷಾರ್ ಬೇ, ಹುಷಾರ್.” “ನನ್ನ ಕಾಲಿಗಿಂತ ನಿಮ್ಮ ಬಾಯಿಗೇ ಕಸರತ್ತು ಜಾಸ್ತಿ ಆತು” ಎನ್ನುತ್ತಿದ್ದಳು ಕಾಕು. ಆದರೂ ಕಾಲಿಗೆ ಶಕ್ತಿ ಮರಳಿತು. ಕೋಲು ಹಿಡಿದು ನಮ್ಮ ಮನೆಯವರೆಗೆ ಬರುವಂತಾದಳು.

ಹೋದ ಚಳಿಗಾಲದಲ್ಲಿ ಕಾಕಾ ನಿದ್ದೆಯಲ್ಲೇ ತೀರಿಕೊಂಡರು. ಹುನಗುಂದದ ಕಾಲೇಜಿನಲ್ಲಿ ಪಾಠ ಮಾಡುವ ನಾನು, ರಜೆಯಲ್ಲಿ ಬಂದಾಗ ಹಿತ್ತಲಿಗೆ ಹೋದೆ. ಕಾಕು ಕಂಬಿ ಹಿಡಿದು ಹೊಂಡದ ಮೊದಲ ಮೆಟ್ಟಿಲಲ್ಲಿ ನಿಂತಿದ್ದಳು. ಅವರು ಹೋದ ಮೇಲೆ ನೀರಿಗೆ ಇಳಿದಿರಲಿಲ್ಲವಂತೆ. ಕಾಲು ಮತ್ತೆ ಬಿಗಿಯತೊಡಗಿತ್ತು. ಅದೇ ಸೀರೆಯನ್ನು ನಡುವಿಗೆ ಕಟ್ಟಿ ತುದಿ ಹಿಡಿದೆ. ಆಕೆ ಕದಲಲಿಲ್ಲ.

“ಯಾಕ ಕಾಕು? ಗಟ್ಟಿ ಹಿಡ್ದೇನಿ.”

“ಹಿಡ್ದೀ ಖರೆ. ಬಾಯಿಲೆ ಏನರ ಅನ್ನು. ಸುಮ್ನಿದ್ರ ಕಾಲು ಮುಂದ ಹೋಗವಲ್ದು.”

“ಹುಷಾರ್ ಬೇ” ಎಂದೆ.

ಕಾಕು ಕಾಲು ಕೆಳಗಿಟ್ಟಳು.