ಒಂದು ಮಿಕ್ಸರ್, ಎರಡು ಅಡುಗೆ

ಅತ್ತೆಗೆ ಪಾರ್ಶ್ವವಾಯು ಬಡಿದ ಮೇಲೆ ಒಂದು ಗುಟುಕು ನೀರು ಕುಡಿದರೂ ಕೆಮ್ಮು ಹತ್ತಿಕೊಳ್ಳುತ್ತಿತ್ತು. ತೆಳ್ಳಗಿನದ್ದು ಕೊಟ್ಟರೆ ಶ್ವಾಸಕೋಶಕ್ಕೆ ಇಳಿಯುತ್ತದೆ, ಗಟ್ಟಿಯಾದದ್ದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಇವೆರಡರ ನಡುವಿನದ್ದು ಏನಾದರೂ ಮಾಡಿ ಕೊಡಿ ಎಂದು ಕಲ್ಯಾಣದ ಆಸ್ಪತ್ರೆಯ ಡಾಕ್ಟರು ಹೇಳಿದರು. ನಾನು ಮತ್ತು ನನ್ನ ನಾದಿನಿ ಡೊಂಬಿವಲಿಯ ನಮ್ಮ ಅಡುಗೆಮನೆಯಲ್ಲಿ ಆ ನಡುವಿನ ಊಟವನ್ನು ಹುಡುಕಿಕೊಂಡೆವು. ಗಂಜಿ, ಹೆಸರುಬೇಳೆ, ಸಿಹಿಗುಂಬಳ, ಎಲ್ಲವನ್ನೂ ಬೇಯಿಸಿ, ರುಬ್ಬಿ, ಜರಡಿಯಲ್ಲಿ ಸೋಸುವುದು. ಚಮಚ ಓರೆ ಮಾಡಿದರೆ ಅದು ಒಂದೇ ಮುದ್ದೆಯಾಗಿ ಜಾರಬೇಕು. ಹರಿಯಲೂ ಬಾರದು, ಅಂಟಲೂ ಬಾರದು. ಅತ್ತೆ ಅದನ್ನೇ ತಿಂದುಕೊಂಡು ಒಂದೂವರೆ ವರ್ಷ ಬದುಕಿದರು. ಕೊನೆಕೊನೆಗೆ ಬೇಳೆಗೆ ಇಂಗು ಕಡಿಮೆಯಾಯಿತು ಎಂದು ಕಣ್ಣಲ್ಲೇ ಬೈಯುತ್ತಿದ್ದರು.

ಅವರು ಹೋದ ಮೇಲೆ ಅದೇ ಆಸ್ಪತ್ರೆಯವರು ಇನ್ನೊಬ್ಬ ರೋಗಿಗೆ ಮಾಡಿಕೊಡುತ್ತೀರಾ ಎಂದು ಕೇಳಿದರು. ಒಬ್ಬರಿಂದ ಮತ್ತೊಬ್ಬರಿಗೆ ಸುದ್ದಿ ಹೋಯಿತು. ನಾವು ಸ್ಟೇಷನ್ನಿನ ಪೂರ್ವಕ್ಕೆ ಒಂದು ಗಾಳೆ, ಅಂದರೆ ಅಂಗಡಿಯಷ್ಟು ದೊಡ್ಡ ಕೋಣೆ, ಬಾಡಿಗೆಗೆ ಹಿಡಿದು, ಇಬ್ಬರು ಹೆಂಗಸರನ್ನು ಕೆಲಸಕ್ಕಿಟ್ಟುಕೊಂಡು, ಡಬ್ಬಿ ಹಂಚಲು ಒಬ್ಬನನ್ನು ಗೊತ್ತುಮಾಡಿಕೊಂಡೆವು. ಬಾಡಿಗೆ, ಗ್ಯಾಸು, ಸಂಬಳ ಕಳೆದರೆ ನಮ್ಮಿಬ್ಬರಿಗೆ ಉಳಿಯುತ್ತಿದ್ದದ್ದು ಅಷ್ಟಕ್ಕಷ್ಟೇ. ನನಗೆ ಅದರ ಬಿಸಿ ತಟ್ಟುತ್ತಿರಲಿಲ್ಲ, ಏಕೆಂದರೆ ಗಂಡನ ಬ್ಯಾಂಕಿನ ಸಂಬಳದಲ್ಲಿ ಮನೆ ನಡೆಯುತ್ತಿತ್ತು. ನಾದಿನಿಯ ಗಂಡ ಕೆಲಸ ಮಾಡುತ್ತಿದ್ದ ಕಂಪನಿ ಮಾತ್ರ ಆ ವರ್ಷವೇ ಬಾಗಿಲು ಹಾಕಿತ್ತು. ಅವಳ ಇಬ್ಬರು ಮಕ್ಕಳು ಕಾಲೇಜಿನ ಹೊಸ್ತಿಲಲ್ಲಿದ್ದರು.

ಇಂಥ ಹೊತ್ತಿನಲ್ಲಿ ನವಿ ಮುಂಬೈಯ ಒಂದು ಹೊಸ ಕಂಪನಿಯಿಂದ ಒಬ್ಬ ಯುವಕ ಬಂದ. ಆಫೀಸಿನವರಿಗೆ, ಜಿಮ್‌ಗೆ ಹೋಗುವವರಿಗೆ ಡಯಟ್ ಊಟ ಕಳಿಸುವ ಕಂಪನಿ. ನಮ್ಮ ಕುಂಬಳಕಾಯಿ ಸೂಪನ್ನು ಯಾರದೋ ಮನೆಯಲ್ಲಿ ಉಂಡವರು ಅವನಿಗೆ ಹೇಳಿದ್ದರಂತೆ. ಅವನು ನಿಂತುಕೊಂಡೇ ಎರಡು ಬಟ್ಟಲು ಖಾಲಿ ಮಾಡಿ, ತಿಂಗಳಿಗೆ ಇಷ್ಟು ಎಂದು ಒಂದು ಮೊತ್ತ ಹೇಳಿದ. ನಾದಿನಿ ಸ್ಟೂಲ್ ಎಳೆದುಕೊಂಡು ಕೂತುಬಿಟ್ಟಳು.

"ಆದರೆ ಚಿಲ್ಲರೆ ಆರ್ಡರ್ ಎಲ್ಲ ಬಿಡಬೇಕಾಗುತ್ತದೆ ಮೇಡಂ," ಅಂದ ಅವನು ಹಿಂದಿಯಲ್ಲಿ. "ನಮಗೆ ಪೂರ್ತಿ ಕಿಚನ್ ಬೇಕು."

ಅವನು ಹೋದ ಮೇಲೆ ನಾನು ಹೇಳಿದೆ, "ರೋಗಿಗಳದ್ದು ಚಿಲ್ಲರೆ ಆರ್ಡರ್ ಅಲ್ಲ. ಬೇರೆಲ್ಲೂ ಸಿಗುದಿಲ್ಲ ಅವರಿಗೆ."

"ನನಗೆ ಗೊತ್ತುಂಟು ಅತ್ತಿಗೆ. ಆದ್ರೆ ನನ್ನ ಮಕ್ಕಳ ಫೀಸು ಪುಣ್ಯದಲ್ಲಿ ಕಟ್ಲಿಕ್ಕೆ ಆಗುದಿಲ್ಲ," ಅಂದಳು ಅವಳು. "ನಿಮಗೆ ಅಣ್ಣನ ಸಂಬಳ ಉಂಟು. ನಿಮಗೆ ಸೇವೆ ಪರ್ವಡ್ತದೆ, ಕೈ ಸುಡುದಿಲ್ಲ. ನನಗೆ ಇದು ಧಂದಾ, ಹೊಟ್ಟೆಪಾಡು."

ಕೊನೆಗೆ ಒಂದು ದಿನ ಟ್ರಯಲ್ ನೋಡೋಣ, ಆ ದಿನವೂ ರೋಗಿಗಳ ಡಬ್ಬಿ ಮೊದಲು ಹೋಗಬೇಕು ಎಂದು ಇಬ್ಬರೂ ಒಪ್ಪಿಕೊಂಡೆವು.

ಟ್ರಯಲ್ ದಿನ ಬೆಳಿಗ್ಗೆಯೇ ಕಂಪನಿಯವನ ಫೋನ್ ಬಂತು. ಐರೋಲಿಯ ಆಫೀಸಿಗೆ ಮಧ್ಯಾಹ್ನದ ಬದಲು ಹನ್ನೊಂದೂವರೆಗೇ ಸೂಪು ಮುಟ್ಟಬೇಕು, ದೊಡ್ಡ ಸಾಹೇಬರು ಆಗಲೇ ಬರುವುದು ಎಂದ. ನಾದಿನಿ ಹೂಂ ಅಂದುಬಿಟ್ಟಳು. ನಮ್ಮಲ್ಲಿದ್ದ ಎರಡೂ ಮಿಕ್ಸರ್ ಒಟ್ಟಿಗೆ ತಿರುಗಿಸಿದರೆ ಎರಡೂ ಕೆಲಸ ಮುಗಿಯುತ್ತಿತ್ತು. ಆದರೆ ಸ್ವಲ್ಪ ಹೊತ್ತಿನಲ್ಲಿ ರೋಗಿಗಳ ಗಂಜಿ ರುಬ್ಬುತ್ತಿದ್ದ ಮಿಕ್ಸರ್ ಸುಟ್ಟ ವಾಸನೆ ಬಿಟ್ಟು ನಿಂತೇಹೋಯಿತು. ರಿಪೇರಿಯವನು ಅಂಬರನಾಥದಲ್ಲಿದ್ದ, ಸಂಜೆಗೆ ಬರುತ್ತೇನೆಂದ.

ಉಳಿದ ಮಿಕ್ಸರಿನಲ್ಲಿ ಕಂಪನಿಯ ಸೂಪು ತಿರುಗುತ್ತಿತ್ತು. ಪಕ್ಕದಲ್ಲಿ ರುಬ್ಬಲು ಕಾದಿದ್ದ ಇನ್ನೂ ನಾಲ್ಕು ಪಾತ್ರೆ ಕುಂಬಳಕಾಯಿ.

"ಅದನ್ನು ನಿಲ್ಲಿಸು. ಮೊದಲು ಡಬ್ಬಿಯದ್ದು ಮಾಡುವ," ಅಂದೆ.

"ಅತ್ತಿಗೆ, ಟೆಂಪೊ ಹೊರಗೆ ನಿಂತಿದೆ. ಈಗ ನಿಲ್ಲಿಸಿದ್ರೆ ಮುಗೀತು, ಅವರು ಮತ್ತೆ ನಮ್ಮನ್ನು ಕರೆಯುದಿಲ್ಲ. ಡಬ್ಬಿ ಒಂದು ಗಂಟೆ ಲೇಟಾದ್ರೆ ಎಂತ ಆಗ್ತದೆ?"

"ನಾವು ಮಾತಾಡಿಕೊಂಡದ್ದು ಹೀಗಲ್ಲ."

"ಮಿಕ್ಸರ್ ಸುಡ್ತದೆ ಅಂತಲೂ ಮಾತಾಡಿಕೊಂಡಿರ್ಲಿಲ್ಲ!"

ಕೆಲಸದ ಹೆಂಗಸರಿಬ್ಬರೂ ಕೈ ಕಟ್ಟಿ ನಿಂತರು. ಯಾರ ಮಾತು ಕೇಳಬೇಕೆಂದು ಅವರಿಗೆ ತಿಳಿಯಲಿಲ್ಲ. ನಾನು ಸ್ವಿಚ್ಚಿನ ಕಡೆ ಕೈ ಚಾಚಿದೆ. ನಾದಿನಿ ನಡುವೆ ಬಂದು ನಿಂತಳು. ಇಪ್ಪತ್ತು ವರ್ಷದಿಂದ ಒಂದೇ ಕಟ್ಟಡದಲ್ಲಿದ್ದ ನಾವು, ಅವಳ ಬಾಣಂತನ ಮಾಡಿದವಳು ನಾನು, ಒಂದು ಸ್ವಿಚ್ಚಿಗಾಗಿ ಭುಜಕ್ಕೆ ಭುಜ ತಾಗಿಸಿ ನಿಂತಿದ್ದೆವು.

ಆಗ ನನ್ನ ಫೋನ್ ಬಡಿದುಕೊಂಡಿತು. ಮುಂಬ್ರಾದಿಂದ ಒಬ್ಬಳು ಹುಡುಗಿ. ಅವಳ ತಂದೆಗೆ ಗಂಟಲಿನ ತೊಂದರೆ ಮಾತ್ರವಲ್ಲ, ಸಕ್ಕರೆ ಕಾಯಿಲೆಯೂ ಇತ್ತು. ಆ ಹುಡುಗಿ ಆಫೀಸಿಗೆ ಮಧ್ಯಾಹ್ನದ ಪಾಳಿಗೆ ಹೋಗುವವಳು. ಹಾಗಾಗಿ ಅವಳ ಡಬ್ಬಿ ಎಲ್ಲರಿಗಿಂತ ಮೊದಲು ಮುಟ್ಟಬೇಕಿತ್ತು.

"ಆಂಟಿ, ಡಬ್ಬಾ ಎಲ್ಲಿ?" ಹಿಂದಿಯಲ್ಲಿ ಅವಳ ದನಿ ಒಡೆದಿತ್ತು. "ಡಬ್ಬಾ ಈಗ ಬರುತ್ತೆ ಅಂತ ಇನ್ಸುಲಿನ್ ಕೊಟ್ಟುಬಿಟ್ಟೆ. ಊಟವಿಲ್ಲದೆ ಶುಗರ್ ಇಳಿದು ನಮ್ಮ ಅಬ್ಬಾ ಬೆವರ್ತಿದ್ದಾರೆ. ಕರೆದ್ರೆ ನಿಧಾನಕ್ಕೆ ಓ ಅಂತಾರೆ. ಸಕ್ಕರೆ ನೀರು ಕುಡಿಸಿಬಿಡಲಾ?"

"ನೀರು ಬೇಡ!" ಎಂದು ಕೂಗಿದೆ. "ಸಕ್ಕರೆ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಜೇನುತುಪ್ಪ ಇದೆಯಾ? ಬೆರಳಲ್ಲಿ ತೆಗೆದು ಒಸಡಿಗೆ ಸವರು, ಕೆನ್ನೆಯ ಒಳಗಡೆಗೆ. ಸ್ವಲ್ಪ ಸ್ವಲ್ಪವೇ. ಕೂರಿಸಿಕೋ, ಮಲಗಿಸಬೇಡ. ಕರೆದರೆ ಓ ಅನ್ನದೆ ಹೋದರೆ ಒಂದು ಕ್ಷಣವೂ ಕಾಯಬೇಡ, ಅಕ್ಕಪಕ್ಕದವರನ್ನು ಕರೆದು ಆಸ್ಪತ್ರೆಗೆ ಒಯ್ಯಿ. ನಾನು ಬರ್ತಾ ಇದ್ದೇನೆ."

ನಾದಿನಿ ಎಲ್ಲವನ್ನೂ ಕೇಳಿಸಿಕೊಂಡಳು. ಆದರೂ ಮಿಕ್ಸರ್ ನಿಲ್ಲಲಿಲ್ಲ. ಅವಳು ನನ್ನ ಮುಖ ನೋಡದೆ ಮುಂದಿನ ಪಾತ್ರೆಯ ಕುಂಬಳಕಾಯಿ ಸುರಿದಳು. ಕೆಲಸದ ಹೆಂಗಸರಲ್ಲಿ ಹಿರಿಯವಳು ಜರಡಿಯನ್ನು ಬೋಗುಣಿಯ ಮೇಲಿಟ್ಟು, ಬೆಂದ ಗಂಜಿ ಹಾಕಿ, ಮರದ ಸೌಟಿನ ಬೆನ್ನಿನಿಂದ ಒತ್ತತೊಡಗಿದಳು. ನಾನೂ ಒತ್ತಿದೆ. ಅದು ಕೆಳಗೆ ಇಳಿಯುವ ನಿಧಾನ ನೋಡಿ ಅಳು ಬಂತು. ಒಂದು ಡಬ್ಬಿ ತುಂಬಿದ್ದೇ ತಡ, ಉಳಿದದ್ದನ್ನು ಅವಳಿಗೂ ಡಬ್ಬಿ ಹಂಚುವವನಿಗೂ ಬಿಟ್ಟು ಸ್ಟೇಷನ್ನಿಗೆ ಓಡಿದೆ.

ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಸ್ಲೋ ಗಾಡಿ ಸಿಕ್ಕಿತು. ಕೋಪರ್ ದಾಟಿ, ದಿವಾದ ಹತ್ತಿರ ಸಿಗ್ನಲ್ ಇಲ್ಲವೆಂದು ನಿಂತಿತು. ಬಾಗಿಲ ಬಳಿ ನಿಂತ ಹೆಂಗಸೊಬ್ಬಳು ಮರಾಠಿಯಲ್ಲಿ ರೈಲ್ವೆಯವರನ್ನು ಬೈಯುತ್ತಿದ್ದಳು. ನಾನು ಮತ್ತೆ ಮತ್ತೆ ಫೋನ್ ಮಾಡಿದೆ, ಎತ್ತಲಿಲ್ಲ. ಎತ್ತದಿರುವುದಕ್ಕೆ ನೂರು ಕಾರಣ ಇರಬಹುದು, ಆದರೆ ನನ್ನ ತಲೆಗೆ ಹೊಳೆದದ್ದು ಒಂದೇ. ಡಬ್ಬಿಯನ್ನು ಎದೆಗೆ ಒತ್ತಿಕೊಂಡಿದ್ದೆ. ಬಿಸಿ ಸೀರೆಯನ್ನು ದಾಟಿ ಸುಡುತ್ತಿದ್ದರೂ ಅದನ್ನು ದೂರ ಹಿಡಿಯಲು ಮನಸ್ಸಾಗಲಿಲ್ಲ.

ಮುಂಬ್ರಾದಲ್ಲಿ ಇಳಿದು, ರಿಕ್ಷಾ ಹಿಡಿದು, ಗುಡ್ಡದ ಬುಡದ ಆ ಕಟ್ಟಡದ ಮೂರನೇ ಮಹಡಿ ಹತ್ತಿದೆ. ಬಾಗಿಲು ತೆರೆದೇ ಇತ್ತು. ಹುಡುಗಿ ತಂದೆಯನ್ನು ಎದೆಗೊರಗಿಸಿಕೊಂಡು ಕೂತಿದ್ದಳು, ಒಂದು ಕೈಯ ಬೆರಳೆಲ್ಲ ಜೇನು. ಅದಕ್ಕೇ ಫೋನ್ ಎತ್ತಿರಲಿಲ್ಲ. ಮುದುಕರ ಅಂಗಿ ಬೆವರಿನಿಂದ ತೊಯ್ದಿತ್ತು, ಆದರೆ ಕಣ್ಣು ನನ್ನ ಕಡೆ ತಿರುಗಿತು. ಪೂರ್ತಿ ಎಚ್ಚರವಾಗುವವರೆಗೆ ಕಾದು, ಚಮಚ ಚಮಚವಾಗಿ ತಿನ್ನಿಸಿದೆವು. ಅರ್ಧ ಡಬ್ಬಿ ಆದ ಮೇಲೆ ಅವರು ಕೈಯೆತ್ತಿ ಸಾಕು ಅಂದರು. ಹುಡುಗಿ ಗೋಡೆಗೆ ತಲೆಯಾನಿಸಿ ಬಿಕ್ಕಿ ಬಿಕ್ಕಿ ಅತ್ತಳು. ಉಳಿದರ್ಧ ಡಬ್ಬಿಯನ್ನು ಅವಳ ಬಳಿ ಬಿಟ್ಟು ನಾನು ವಾಪಸ್ ಗಾಡಿ ಹಿಡಿದೆ.

ನಾದಿನಿಯ ಸೂಪು ಸರಿಯಾದ ಹೊತ್ತಿಗೆ ಐರೋಲಿ ಮುಟ್ಟಿತ್ತು. ಸಾಹೇಬರಿಗೆ ಹಿಡಿಸಿತ್ತು. ಮುಂದಿನ ತಿಂಗಳು ಅವಳು ನವಿ ಮುಂಬೈಯಲ್ಲಿ ಕಂಪನಿಯವರೇ ಕೊಟ್ಟ ಕಿಚನ್ನಿಗೆ ದಿನಾ ಹೋಗಿಬರತೊಡಗಿದಳು. ಗಾಳೆ ನನಗೇ ಬಿಟ್ಟಳು. ಕೆಲಸದ ಹೆಂಗಸರಿಬ್ಬರೂ ಅವಳ ಜೊತೆ ಹೊರಟರು, ಅಂದು ಜರಡಿ ಹಿಡಿದ ಹಿರಿಯವಳೂ ಸಹ.

"ವಹಿನಿ, ಸಿಟ್ಟು ಬೇಡ," ಎಂದಳು ಅವಳು ಮರಾಠಿಯಲ್ಲಿ. "ಆ ಅಜ್ಜನ ಡಬ್ಬಿ ಒತ್ತುವಾಗ ನನಗೆ ಸಿಕ್ಕಿದ ಸಮಾಧಾನ ಅಲ್ಲಿ ಸಿಗಲಿಕ್ಕಿಲ್ಲ. ಆದರೆ ಪಗಾರ ಹೆಚ್ಚು. ಸೊಸೆಗೆ ಹೆರಿಗೆ ಹತ್ತಿರ ಬಂತು."

ಸಿಟ್ಟು ಬಂತು. ಅವಳ ಮೇಲಲ್ಲ, ನನ್ನ ಮೇಲೆ. ಇಷ್ಟು ದಿನ ನನ್ನ ಸೇವೆಯ ಖರ್ಚಿನಲ್ಲಿ ಒಂದು ಪಾಲನ್ನು ಇವರು ಕಡಿಮೆ ಸಂಬಳದಲ್ಲಿ ಹೊತ್ತಿದ್ದರು ಎಂದು ನನಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಒಬ್ಬಳೇ ಮಾಡಿ ಸೊಂಟ ಬಿದ್ದುಹೋಗಿ, ಮುಚ್ಚುತ್ತೇನೆ ಎಂದು ಒಂದೊಂದು ಮನೆಗೂ ಫೋನ್ ಮಾಡತೊಡಗಿದಾಗ, ಮುಂಬ್ರಾದ ಹುಡುಗಿಯೇ ಗದರಿಸಿದಳು: "ದರ ಏರಿಸಿ ಆಂಟಿ. ನೀವು ಮುಚ್ಚಿದ್ರೆ ನಾನು ಕೆಲಸ ಬಿಡಬೇಕಾಗುತ್ತೆ. ಅದಕ್ಕಿಂತ ಇದು ಅಗ್ಗ." ಏರಿಸಿದೆ. ಎರಡು ಮನೆಯವರು ಬಿಟ್ಟರು, ಉಳಿದವರು ಉಳಿದರು. ಸರಿಯಾದ ಸಂಬಳಕ್ಕೆ ಹೊಸಬಳೊಬ್ಬಳು ಬಂದಳು.

ನಾದಿನಿಯೂ ನಾನೂ ಬಹಳ ದಿನ ಮಾತು ಬಿಟ್ಟಿದ್ದೆವು. ಮೆಟ್ಟಿಲಲ್ಲಿ ಎದುರಾದರೆ ಇಬ್ಬರೂ ಗೋಡೆಗೆ ಸರಿಯುತ್ತಿದ್ದೆವು. ಹೀಗಿರುವಾಗ ಮಾಜಿವಾಡಾದ ಒಂದು ಅಂಗಡಿಯಲ್ಲಿ ಆ ಕಂಪನಿಯ ಸೂಪಿನ ಡಬ್ಬ ಕಣ್ಣಿಗೆ ಬಿತ್ತು. ಹಿಂಬದಿಯಲ್ಲಿ, ಕಾಯಿಲೆಯ ತಾಯಿಗಾಗಿ ಮಗಳೊಬ್ಬಳು ಪ್ರೀತಿಯಿಂದ ಕಂಡುಹಿಡಿದ ರುಚಿ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಡಬ್ಬವನ್ನು ಕೊಂಡುತಂದು, ನೇರ ಅವಳ ಮನೆಗೆ ಹೋಗಿ ಮೇಜಿನ ಮೇಲೆ ಕುಕ್ಕಿದೆ.

"ಅತ್ತೆಯನ್ನೂ ಮಾರಿದಿಯಾ?"

ಅವಳು ಡಬ್ಬವನ್ನು ತಿರುಗಿಸಿ ಇಟ್ಟಳು, ಆ ಬರಹ ಕಾಣದ ಹಾಗೆ. "ಇದ್ರಲ್ಲಿ ಸುಳ್ಳು ಎಂತ ಉಂಟು ಹೇಳಿ. ಅಮ್ಮನಿಗೆ ಮಾಡಿದ್ದು ಹೌದಲ್ವಾ? ಕಂಪನಿಯ ಫಂಕ್ಷನ್‌ನಲ್ಲಿ ನನ್ನನ್ನು ಸ್ಟೇಜಿಗೆ ಹತ್ತಿಸಿ, ಇದನ್ನು ಯಾಕೆ ಶುರು ಮಾಡಿದ್ರಿ ಅಂತ ಕೇಳಿದ್ರು. ಅಮ್ಮ ಅಂದೆ. ಎಲ್ಲ ಚಪ್ಪಾಳೆ ಹೊಡೆದ್ರು. ಕೆಳಗೆ ಬಂದು ಬಾತ್ರೂಮಲ್ಲಿ ವಾಂತಿ ಮಾಡಿದೆ."

ನಾನು ಕುರ್ಚಿ ಎಳೆದುಕೊಂಡು ಕೂತೆ.

"ಆ ದಿನ ಮಿಕ್ಸರ್ ನಿಲ್ಲಿಸದೇ ಇದ್ದದ್ದು ತಪ್ಪು ಅಂತ ನಾನು ಹೇಳುದಿಲ್ಲ ಅತ್ತಿಗೆ," ಎಂದಳು ಅವಳು, ದನಿ ತಗ್ಗಿಸಿ. "ನಿಲ್ಲಿಸಿದ್ರೆ ನನ್ನ ಮಗಳು ಇವತ್ತು ಕಾಲೇಜಿಗೆ ಹೋಗ್ತಿರ್ಲಿಲ್ಲ. ಆದ್ರೆ ನೀವು ಓಡಿಹೋದ ಮೇಲೆ ನಾನು ಹೇಗೆ ನಿಂತಿದ್ದೆ ಅಂತ ನಿಮಗೆ ಗೊತ್ತಿಲ್ಲ. ಆ ಅಜ್ಜ ಹೋಗಿದ್ರೆ ನಾನು ಎಂತ ಮಾಡ್ತಿದ್ದೆ?"

ನಾನು ಡಬ್ಬವನ್ನು ಮತ್ತೆ ಚೀಲಕ್ಕೆ ಹಾಕಿಕೊಂಡೆ. ಒಳಗಿಂದ ಅವಳ ಮಗಳು ಹಿಂದಿಯಲ್ಲಿ, ಮಾಮಿಗೆ ಚಹಾ ಇಡಲಾ ಎಂದು ಕೇಳಿದಳು. ಇಡು ಅಂದೆ. ಕುಡಿದು ಬಂದೆ.

ಡಬ್ಬದ ಮೇಲಿನ ಬರಹವನ್ನು ತೆಗೆಸಲು ಅವಳು ಕೇಳಿನೋಡಿದಳಂತೆ. ಅದರಿಂದಲೇ ಮಾರಾಟ ಏರಿದೆ ಎಂದು ಹೇಳಿ ಕಂಪನಿಯವರು ಒಪ್ಪಲಿಲ್ಲ. ಅವಳು ಅಲ್ಲಿಯೇ ಇದ್ದಾಳೆ, ಚೆನ್ನಾಗಿಯೂ ಇದ್ದಾಳೆ. ನಾನು ಇಲ್ಲಿ ನನ್ನ ಗಾಳೆಯಲ್ಲಿದ್ದೇನೆ. ಒಂದು ತಿಂಗಳು ಉಳಿತಾಯ, ಒಂದು ತಿಂಗಳು ಎಳೆದಾಟ. ಈಗ ನಾವು ಮತ್ತೆ ಮಾತಾಡುತ್ತೇವೆ. ಒಬ್ಬರ ಕೆಲಸದ ಬಗ್ಗೆ ಇನ್ನೊಬ್ಬರು ಕೇಳುವಾಗ ಮಾತ್ರ ಇಬ್ಬರೂ ಸ್ವಲ್ಪ ಎಚ್ಚರವಾಗಿರುತ್ತೇವೆ.