ಬ್ರೇಕು ಕೂಗದ ಬೆಳಗು

ನಮ್ಮಣ್ಣನಿಗೆ ಹೆತ್ತವರು ಇಟ್ಟ ಹೆಸರು ಪೆಟ್ಟಿಗೆಯೊಳಗಿನ ಕಾಗದಗಳಲ್ಲಿ ಬೆಚ್ಚಗಿದೆ. ಹೊರಗೆ ಅವನು ನಿಧಾನಿ. ಸೈಕಲ್ ರಿಪೇರಿ ಅವನ ಕಸುಬು, ಅದರಲ್ಲೂ ಗುಡ್ಡ ಹತ್ತಿ ಇಳಿಯುವ ದಪ್ಪ ಟಯರಿನ ಸೈಕಲ್ಲುಗಳು. ಒಂದು ಕಾರು ನಿಲ್ಲುವಷ್ಟು ಶೆಡ್ಡೇ ಅವನ ಅಂಗಡಿ. ಅಲ್ಲಿಗೆ ಬರುವವರು ದಿನವೆಲ್ಲ ಬೇರೆ ಕೆಲಸ ಮಾಡಿ, ಬಿಡುವಿನಲ್ಲಿ ತೊಂಬತ್ತು ಕಿಲೋಮೀಟರಿನ ಗುಡ್ಡದ ರೇಸಿಗೆ ಮೈ ಹದ ಮಾಡಿಕೊಳ್ಳುವ ಜನ. ಗೆಲ್ಲುವ ಆಸೆ ಯಾರಿಗೂ ಇಲ್ಲ, ಮುಗಿಸಿದರೆ ಸಾಕು. ನಾನು ಅವನ ತಂಗಿ, ಬೇಕರಿಯ ವ್ಯಾನ್ ಓಡಿಸುವವಳು. ಅವನು ಒಂದು ಬೋಲ್ಟ್ ಬಿಗಿ ಮಾಡುವಷ್ಟರಲ್ಲಿ ನಾನು ಅರ್ಧ ಊರಿಗೆ ಬ್ರೆಡ್ ಹಂಚಿ ಬರುತ್ತೇನೆ.

ಅವನ ಹತ್ತಿರ ಸೈಕಲ್ ಹೊಂದಿಸಿಕೊಳ್ಳಲು ಹೋಗುವವರು ತಾಳ್ಮೆಯನ್ನು ಮನೆಯಿಂದಲೇ ಕಟ್ಟಿಕೊಂಡು ಹೋಗಬೇಕು. ರೇಸಿನ ದಿನ ಹೊರುವ ಚೀಲ, ತುಂಬಿದ ಬಾಟಲಿ, ಬೂಟು, ಹೆಲ್ಮೆಟ್ಟು ಎಲ್ಲ ಹಾಕಿಸಿ, ಗೋಡೆಗೆ ಒರಗಿಸಿದ ಸೈಕಲ್ ಮೇಲೆ ಕೂರಿಸುತ್ತಾನೆ. ಭಾರಕ್ಕೆ ಕುಗ್ಗುವ ಮುಂದಿನ ಫೋರ್ಕಿಗೆ ಹಾಕಿದ ರಬ್ಬರ್ ಉಂಗುರ ಎಷ್ಟು ಜರುಗಿತು ಎಂದು ಸ್ಕೇಲು ಹಿಡಿದು ಅಳೆಯುತ್ತಾನೆ. ನಾಲ್ಕರಲ್ಲಿ ಒಂದು ಪಾಲು ಕುಸಿದರೆ ಸರಿ, ಇಲ್ಲದಿದ್ದರೆ ಗಾಳಿ ಹಾಕಿ, ತೆಗೆದು, ಮತ್ತೆ ಕೂರಿಸುತ್ತಾನೆ. "ಬರಿ ಬೆನ್ನಲ್ಲಿ ಕೂತು ಹೊಂದಿಸಿಕೊಂಡ್ರೆ ಗುಡ್ಡದ ಮೇಲೆ ಅದು ಬೇರೆಯವರ ಸೈಕಲ್ಲಾಗುತ್ತೆ" ಎನ್ನುತ್ತಾನೆ. ಟಯರಿನ ಗಾಳಿಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ಸೀಟು ಏರಿಸುವುದು ವಾರಕ್ಕೆ ಒಂದು ಬೆಂಕಿಕಡ್ಡಿಯ ದಪ್ಪದಷ್ಟು. ರೇಸಿನ ವಾರ ಹೊಸದೇನನ್ನೂ ಹಾಕಕೂಡದು, ಕಾಲುಚೀಲ ಕೂಡ.

ತರಬೇತಿಯದು ಇನ್ನೊಂದು ಕಥೆ. ಏರಿನಲ್ಲಿ ಪಕ್ಕಕ್ಕೇ ಸೈಕಲ್ ಹೊಡೆಯುತ್ತಾ "ಹೂಂ, ಮನೆ ಸುದ್ದಿ ಹೇಳು" ಎನ್ನುತ್ತಾನೆ. ಮಾತು ಮಧ್ಯದಲ್ಲಿ ತುಂಡಾದರೆ ವೇಗ ಹೆಚ್ಚಾಯಿತು ಎಂದರ್ಥ, ಗೇರು ಇಳಿಸಬೇಕು. ಉಸಿರು ಕೆಡದೆ ಒಂದು ಜಗಳವನ್ನು ಮೊದಲಿಂದ ಕೊನೆಯವರೆಗೆ ಹೇಳಿ ಮುಗಿಸಿದವರು ತೊಂಬತ್ತು ಕಿಲೋಮೀಟರ್ ಮುಗಿಸುತ್ತಾರೆ. ಹೀಗಾಗಿ ಊರಿನ ಯಾವ ಅತ್ತೆ ಸೊಸೆಯ ಮುನಿಸೂ ಅವನಿಗೆ ಹೊಸದಲ್ಲ.

ಈ ನಿಧಾನ ಅವನ ಹುಟ್ಟುಗುಣವಲ್ಲ. ಇಪ್ಪತ್ತೈದು ವರ್ಷದ ಹಿಂದೆ, ಒಂದು ರೇಸಿನ ಬೆಳಿಗ್ಗೆ, ಪ್ರಾಣಸ್ನೇಹಿತನ ಸೈಕಲ್ಲಿಗೆ ಅವನು ಹ್ಯಾಂಡಲ್ ಬದಲಾಯಿಸುತ್ತಿದ್ದ. ನಾಲ್ಕು ಬೋಲ್ಟಿನಲ್ಲಿ ಎರಡು ಬಿಗಿಯಾಗಿದ್ದವು. ಅಷ್ಟರಲ್ಲಿ ಸೀಟಿ ಊದಿದರು. "ಆಯ್ತು, ಹೋಗು" ಎಂದುಬಿಟ್ಟ. ಇಳಿಜಾರಿನಲ್ಲಿ ಹ್ಯಾಂಡಲ್ ಸ್ನೇಹಿತನ ಕೈಯಲ್ಲೇ ತಿರುಗಿತು. ಆತನ ಮಂಡಿ ಮತ್ತೆ ಸರಿಹೋಗಲಿಲ್ಲ, ಆತ ಅಣ್ಣನನ್ನು ಮತ್ತೆ ಮಾತಾಡಿಸಲೂ ಇಲ್ಲ. ಅಂದಿನಿಂದ ಅಣ್ಣ ರೇಸಿನ ದಿನ ಯಾರ ಸೈಕಲ್ಲನ್ನೂ ಮುಟ್ಟುವುದಿಲ್ಲ. ಎಲ್ಲವನ್ನೂ ಎರಡು ದಿನ ಮೊದಲೇ ನೋಡಿ ಮುಗಿಸುತ್ತಾನೆ. ಆ ದಿನ ಅವನ ಎರಡೂ ಕೈ ಜೇಬಿನಲ್ಲಿ. ಇದು ಅತಿಯಾಯಿತು ಎಂದು ನಾನು ಎಷ್ಟೋ ಸಲ ಜಗಳವಾಡಿದ್ದೇನೆ.

ಸೂಜಿ ಅವನ ಹತ್ತಿರ ಬರತೊಡಗಿ ಎರಡು ವರ್ಷ. ಲ್ಯಾಬಿನಲ್ಲಿ ರಕ್ತ ತೆಗೆಯುವವಳು, ಅದಕ್ಕೇ ಆ ಹೆಸರು. ಗಂಡ ಲಾರಿ ಓಡಿಸುತ್ತಾ ತಿಂಗಳಲ್ಲಿ ಹದಿನೈದು ದಿನ ಹೊರಗೆ. ಮನೆಯಲ್ಲಿ ಮೂರು ವರ್ಷದ ಮಗಳು, ಬಟ್ಟೆ ಹೊಲಿಯುವ ಅತ್ತೆ. ಹೋದ ವರ್ಷ ಮೊದಲ ಗುಡ್ಡ ಹತ್ತಿ ಇಳಿದು ಆಚೆಯ ಬುಡವನ್ನು ಗಡುವಿಗಿಂತ ನಾಲ್ಕು ನಿಮಿಷ ತಡವಾಗಿ ತಲುಪಿ, ಅಲ್ಲೇ ನಂಬರ್ ಚೀಟಿ ಬಿಚ್ಚಿಕೊಟ್ಟು ಬಂದಿದ್ದಳು. ಈ ವರ್ಷ ವಾರಕ್ಕೆ ಐದು ದಿನ ಬೆಳಗಿನ ಐದಕ್ಕೇ ಹೊರಟಳು. ತೇವದ ಗಾಳಿಗೆ ಅವಳ ಡಿಸ್ಕ್ ಬ್ರೇಕು ಬೀದಿಯ ಕೊನೆಯವರೆಗೂ ಕಿರುಚುತ್ತಿತ್ತು. ಮಗು ಏಳುತ್ತದೆ, ಅತ್ತೆ ಗೊಣಗುತ್ತಾರೆ ಎಂದು ಏರಿನಲ್ಲಿ ಹೇಳಿದರೆ ಅಣ್ಣ ನಕ್ಕ. "ಕೂಗ್ತಾ ಇದ್ರೆ ಹಿಡೀತಾ ಇದೆ ಅಂತ ಅರ್ಥ. ಕೂಗಲಿ ಬಿಡು."

ರೇಸಿನ ಬೆಳಿಗ್ಗೆ ಆರಕ್ಕೆ ಶುರು. ಸೂಜಿ ನಮ್ಮ ಹತ್ತಿರ ಬಂದು ಸೈಕಲ್ ನಿಲ್ಲಿಸಿದಳು. ಬ್ರೇಕಿನ ಸದ್ದಿಲ್ಲ. ಅಣ್ಣ ಸೈಕಲ್ಲನ್ನೇ ನೋಡಿದ, ಬಾಯಿ ತೆರೆದ, ಆಮೇಲೆ ಕೈಗಳನ್ನು ಜೇಬಿನೊಳಕ್ಕೆ ಇನ್ನಷ್ಟು ತಳ್ಳಿಕೊಂಡ. "ಅರ್ಧ ಗಂಟೆಗೊಂದ್ಸಲ ತಿನ್ನು, ಹಸಿವಾಗೋಕೆ ಮುಂಚೆ" ಎಂದಷ್ಟೇ ಹೇಳಿ ಕಳಿಸಿದ. ಮೊದಲ ಇಪ್ಪತ್ತೆರಡು ಕಿಲೋಮೀಟರ್ ಬರೀ ಏರು, ಅಲ್ಲಿ ಬ್ರೇಕಿನ ಕೆಲಸವೇ ಇಲ್ಲ.

ಏಳೂ ಇಪ್ಪತ್ತಕ್ಕೆ ಶಾಮಿಯಾನದಲ್ಲಿ ಸೂಜಿಯ ಅತ್ತೆ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದರು. ಅಣ್ಣನನ್ನು ನೋಡಿ ಅವರ ಮುಖ ಅರಳಿತು.

"ನೋಡಪ್ಪಾ, ವರ್ಷದಿಂದ ನಿನ್ನ ಕೈಲಿ ಆಗದೇ ಇದ್ದದ್ದನ್ನ ನಾನು ಎರಡು ನಿಮಿಷದಲ್ಲಿ ಮಾಡಿದೆ. ಚಕ್ರದ ಆ ಕಿರುಚೋ ತಟ್ಟೆಗಳಿಗೆ ನಿನ್ನೆ ಸಂಜೆ ಹೊಲಿಗೆ ಮಿಷನ್ನಿನ ಎಣ್ಣೆ ಬಿಟ್ಟು ಒರೆಸಿದೆ. ಎರಡಕ್ಕೂ. ಇವತ್ತು ಚೂರು ಸದ್ದಿಲ್ಲ."

ಅಣ್ಣನ ಮುಖದಲ್ಲಿ ರಕ್ತವಿರಲಿಲ್ಲ. "ಒಳ್ಳೇದಮ್ಮ" ಎಂದ, ನನ್ನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದ.

"ಕೇಳಿಸ್ತು ಕಣೇ ನನಗೆ. ಬೆಳಿಗ್ಗೇನೇ ಕೇಳಿಸ್ತು. ಸದ್ದಿಲ್ಲ ಅನ್ನೋದು ಕೇಳಿಸಿಯೂ ಮುಟ್ಟಲಿಲ್ಲ."

ಎಣ್ಣೆ ಕುಡಿದ ಬ್ರೇಕು ಸಮತಟ್ಟಿನಲ್ಲಿ ನಿಧಾನಕ್ಕೆ ಹೋಗುವ ಸೈಕಲ್ಲನ್ನು ಸದ್ದಿಲ್ಲದೆ ನಿಲ್ಲಿಸುತ್ತದೆ. ಆದರೆ ಗುಡ್ಡದ ಆಚೆ ಆರು ಕಿಲೋಮೀಟರ್ ಇಳಿಜಾರು, ಏಳು ತಿರುವು, ಹೊರಬದಿಗೆ ತಡೆಗೋಡೆಯಿಲ್ಲ. ಅಲ್ಲಿ ಲಿವರ್ ಒತ್ತಿದರೆ ಡಿಸ್ಕು ಜಾರುತ್ತಲೇ ಇರುತ್ತದೆ. ರೇಸಿನವರು ವಾಕಿಟಾಕಿಯಲ್ಲಿ ತುದಿಯವರನ್ನು ಮೂರು ಸಲ ಕರೆದರು, ಬರೀ ಗೊರಗೊರ. ಸೂಜಿಯ ಫೋನು ಸಿಗ್ನಲ್ ಇಲ್ಲದ ಕಡೆ ಅವಳ ಚೀಲದಲ್ಲಿತ್ತು. ಅವಳು ಎಷ್ಟು ಹೊತ್ತಿಗೆ ತುದಿ ತಲುಪುತ್ತಾಳೆಂದು ಅಣ್ಣನಿಗೆ ಬಾಯಿಪಾಠ, ಲೆಕ್ಕ ಹಾಕಿಕೊಟ್ಟವನೇ ಅವನು. ಎಂಟೂ ಹತ್ತು. ಗುಡ್ಡದ ಹಿಂಬದಿಯ ರಸ್ತೆಯಲ್ಲಿ ವ್ಯಾನಿಗೆ ಮುಕ್ಕಾಲು ಗಂಟೆ ಬೇಕು.

"ಜೋರಾಗಿ ಓಡಿಸು" ಎಂದ. ಹುಟ್ಟಿದಾಗಿನಿಂದ ಅವನ ಬಾಯಲ್ಲಿ ಆ ಮಾತು ಕೇಳಿರಲಿಲ್ಲ. ಖಾಲಿ ಟ್ರೇಗಳು ಹಿಂದೆ ಗಡಗಡ ಹಾರುತ್ತಿದ್ದವು. ಅರ್ಧ ದಾರಿಯಲ್ಲಿ ಒಂದು ಜಲ್ಲಿ ಲಾರಿ ಮುಂದೆ ಸಿಕ್ಕಿತು, ಹಾರ್ನ್ ಹೊಡೆದರೂ ಜಾಗ ಕೊಡದ ಮಹಾನುಭಾವ. ಹನ್ನೊಂದು ನಿಮಿಷ ಅವನ ಬೆನ್ನು ನೋಡುತ್ತಾ ಹೋದೆವು. ನಾನು ಬಾಯಿಗೆ ಬಂದದ್ದೆಲ್ಲ ಬೈದೆ. ಅಣ್ಣ ಗಡಿಯಾರ ನೋಡಲಿಲ್ಲ. ಅವನ ಬೆರಳುಗಳು ಮಂಡಿಯ ಮೇಲೆ ಇಲ್ಲದ ಬೋಲ್ಟನ್ನು ತಿರುಗಿಸುತ್ತಿದ್ದವು.

ರಸ್ತೆ ಮುಗಿದಲ್ಲಿಂದ ತುದಿಗೆ ಇನ್ನೂರು ಹೆಜ್ಜೆ. ಓಡಿದೆವು. ನಾವು ರೇಸಿನ ದಾರಿಗೆ ಕಟ್ಟಿದ ಹಗ್ಗದ ಹತ್ತಿರ ತಲುಪಿದಾಗ ಸೂಜಿ ಸಮತಟ್ಟಾದ ದಾರಿ ದಾಟಿ ಇಳಿಜಾರಿನ ಬಾಯಿಗೆ ಬಂದಿದ್ದಳು. ಅಣ್ಣನಿಗೆ ಕೂಗಲು ಉಸಿರಿರಲಿಲ್ಲ. ನಾನೇ ಕೂಗಿದೆ. "ಸೂಜೀ, ನಿಲ್ಲು. ಬ್ರೇಕಿಲ್ಲ ನಿನಗೆ." ಅವಳು ಗಾಬರಿಯಿಂದ ಲಿವರ್ ಒತ್ತಿದಳು. ಸೈಕಲ್ ನಿಲ್ಲಲಿಲ್ಲ. ಕಾಲೂರಿ, ಬೂಟು ಉಜ್ಜಿಕೊಂಡು ನಾಲ್ಕು ಮಾರು ಜಾರಿ, ದಿಬ್ಬದ ಪೊದೆಗೆ ಒರಗಿ ನಿಂತಳು.

ಅಲ್ಲಿದ್ದ ಕಾವಲಿನವರು ನಿವೃತ್ತ ಮೇಷ್ಟರು, ಕೊರಳಲ್ಲಿ ಸೀಟಿ. ವಿಷಯ ಕೇಳಿ ಮರುಗಿದರು, ಆದರೆ ನಿಯಮ ಬಿಡಲಿಲ್ಲ. "ಮಾತಾಡಬಹುದು. ನೀವು ಸೈಕಲ್ ಮುಟ್ಟಿದ್ರೆ ಅವರು ರೇಸಿನಿಂದ ಆಚೆ."

ಎಂಟೂ ಹದಿನಾಲ್ಕು. ಬುಡದ ಗಡುವು ಒಂಬತ್ತು.

"ನಡ್ಕೊಂಡು ಇಳಿದ್ರೆ ಜೀವಕ್ಕೇನೂ ಆಗಲ್ಲ" ಎಂದ ಅಣ್ಣ. "ಗಡುವು ತಪ್ಪುತ್ತೆ, ಅಷ್ಟೆ."

"ಬ್ರೇಕಿನ ಹೊಸ ಪ್ಯಾಡ್ ಇದೆ ನನ್ನ ಹತ್ರ. ಎರಡು ಜೊತೆ. ನೀವೇ ಹೊರಿಸಿದ್ದು. ಹೇಳಿ, ಮಾಡ್ತೀನಿ."

ಮತ್ತೆ ಅದೇ ಅವಸರದ ಕೆಲಸ, ಅದೇ ಇಳಿಜಾರು, ಈ ಸಲ ಕೈ ಕೂಡ ಅವನದಲ್ಲ. ಬೇಡ ಎಂದುಬಿಡಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅಣ್ಣ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಮೊದಲು ಕೈ ಒರೆಸ್ಕೋ. ಗಾಯಕ್ಕೆ ಇಟ್ಕೊಂಡಿರೋ ಸ್ಪಿರಿಟ್ ಪಟ್ಟಿ ಎಷ್ಟಿದೆ?"

"ಹದಿನಾಲ್ಕು."

"ಎರಡು ಕೈಗೆ. ಆರಾರು ಒಂದೊಂದು ಡಿಸ್ಕಿಗೆ. ಮುಂದಿನ ಚಕ್ರ ತೆಗಿ."

ಅವಳು ಚಕ್ರ ತೆಗೆದಳು. ಪಿನ್ನು ಬಿಚ್ಚಿ ಎಣ್ಣೆ ಕುಡಿದ ಪ್ಯಾಡುಗಳನ್ನು ಹೊರಗೆಳೆದು ದೂರ ಎಸೆದಳು. ಡಿಸ್ಕು ಒರೆಸಿದರೆ ಪಟ್ಟಿ ಕಪ್ಪಗೆ ಬಂತು, ಮತ್ತೊಂದು, ಮತ್ತೂ ಕಪ್ಪು. ಐದನೆಯದು ಬೆಳ್ಳಗೆ ಉಳಿಯಿತು. ಮೂರು ಜನ ಸವಾರರು ನಮ್ಮನ್ನು ದಾಟಿ ಇಳಿದುಹೋದರು. ಸೂಜಿ ಅವರನ್ನು ನೋಡಿ ಅವಸರಪಟ್ಟಳು, ಎಡಗೈ ಲಿವರಿನ ಮೇಲೆ ಹೋಯಿತು.

"ಲಿವರ್ ಮುಟ್ಟಬೇಡ. ಚಕ್ರ ಇಲ್ಲದೆ ಒತ್ತಿದ್ರೆ ಪ್ಯಾಡನ್ನ ತಳ್ಳೋ ಒಳಗಿನ ಗುಂಡಿ ಈಚೆ ಬರುತ್ತೆ, ಆಮೇಲೆ ಮುಗೀತು." ಬೆನ್ನ ಹಿಂದೆ ಅವನ ಒಂದು ಕೈಯ ಉಗುರು ಇನ್ನೊಂದರ ಮಣಿಕಟ್ಟಿಗೆ ನಾಟಿತ್ತು. "ನಿಧಾನ. ಮನೆ ಸುದ್ದಿ ಹೇಳು."

"ಈಗಲಾ?"

"ಈಗಲೇ. ಮಗಳು ಬೆಳಿಗ್ಗೆ ಎದ್ದಿದ್ಲಾ?"

"ಇಲ್ಲ... ಸದ್ದಾಗಲಿಲ್ಲವಲ್ಲ, ಹಾಯಾಗಿ ಮಲಗಿದ್ಲು. ಅತ್ತೆ ನನ್ನ ಜಡೆ ಹಾಕಿದ್ರು. ಈ ಸಲ ಮುಗಿಸ್ಕೊಂಡೇ ಬಾ ಅಂದ್ರು." ಮಾತು ತುಂಡಾಗಲಿಲ್ಲ. ಪ್ಯಾಡು ಕೂತಿತು, ಪಿನ್ನು ಕೂತಿತು. ಅಣ್ಣ ಪ್ರತಿಯೊಂದನ್ನೂ ಅವಳ ಬಾಯಿಂದಲೇ ಹೇಳಿಸಿದ. ಹಿಂದಿನ ಚಕ್ರಕ್ಕೂ ಅಷ್ಟೇ. ಆಮೇಲೆ ಸಮತಟ್ಟಿನಲ್ಲಿ ಹತ್ತು ಸಲ ಓಡಿಸಿ, ಹತ್ತು ಸಲ ಬ್ರೇಕು ಒತ್ತಿಸಿದ. ಎಂಟನೆಯ ಸಲ ಅದು ಕಿರುಚಿತು. ಅಷ್ಟು ಕೆಟ್ಟ ಸದ್ದು ಕೇಳಿ ನನಗೆ ಅಳು ಬಂತು.

"ತಿರುವಿಗೆ ಮುಂಚೆ ಹಿಡಿ, ತಿರುವಲ್ಲಿ ಬಿಡು" ಎಂದ. ಎಂಟೂ ನಲವತ್ತೆರಡಕ್ಕೆ ಅವಳು ಇಳಿದಳು.

ದಾರಿ ಮೇಲಿನಿಂದ ಕಾಣುವುದಿಲ್ಲ, ಕಿವಿಯೇ ಗತಿ. ಮೊದಲ ತಿರುವಿನಲ್ಲಿ ಬ್ರೇಕು ಕೂಗಿತು. ಒಂದು, ಎಂದ ಅಣ್ಣ. ಎರಡು. ಮೂರು. ಕೂಗು ಸಣ್ಣದಾಗುತ್ತಾ ಹೋಯಿತು. ಮೇಷ್ಟರು ಸೀಟಿ ಕಚ್ಚಿಕೊಂಡು ನಿಂತಿದ್ದರು. ಆರು. ಆಮೇಲೆ ಏನೂ ಇಲ್ಲ. ಗಾಳಿ ಬೀಸಿತು, ನಿಂತಿತು. ಏನೂ ಇಲ್ಲ. ಅಣ್ಣ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತುಬಿಟ್ಟ. "ಪಿನ್ನಿನ ಕ್ಲಿಪ್ಪು ಹಾಕಿದ್ಲಾ? ನೀನು ನೋಡಿದೆಯಾ?" ಎಂದು ನನ್ನನ್ನು ಕೇಳಿದ. ನನಗೆ ನೆನಪಾಗಲಿಲ್ಲ. ಆಗ ತುಂಬ ಕೆಳಗಿನಿಂದ, ನೂಲಿನಷ್ಟು ತೆಳ್ಳಗೆ, ಉದ್ದಕ್ಕೆ, ಏಳನೆಯದು ಕೇಳಿಸಿತು.

ಗಡುವಿಗೆ ಎರಡು ನಿಮಿಷ ಇರುವಾಗ ಅವಳು ಬುಡ ದಾಟಿದಳು. ಮಧ್ಯಾಹ್ನ ಕೊನೆಯಿಂದ ಮೂರನೆಯವಳಾಗಿ ರೇಸು ಮುಗಿಸಿದಳು, ಬ್ರೇಕು ಕಿರುಚಿಕೊಂಡೇ. ಅತ್ತೆ ಎದ್ದರು. "ಅಯ್ಯೋ, ಎಣ್ಣೆ ಸಾಲಲಿಲ್ಲ" ಎನ್ನುತ್ತಾ ಚೀಲದಿಂದ ಪುಟ್ಟ ಎಣ್ಣೆ ಡಬ್ಬಿ ತೆಗೆದು ಸೈಕಲ್ಲಿನ ಕಡೆ ಹೊರಟರು. ಅಣ್ಣ ಅಡ್ಡ ಬಂದು ಅವರ ಮಣಿಕಟ್ಟು ಹಿಡಿದ.

"ಅಮ್ಮ, ತಪ್ಪು ನಂದು. ಅದು ಯಾಕೆ ಕೂಗುತ್ತೆ ಅಂತ ನಿಮಗೆ ಬಂದು ಹೇಳಬೇಕಿತ್ತು" ಎಂದು ಶುರುಮಾಡಿ, ಒಂದನ್ನೂ ಬಿಡದೆ ಎಲ್ಲವನ್ನೂ ಹೇಳಿದ. ಆಕೆ ಕುರ್ಚಿಯಲ್ಲಿ ಕೂತರು. ಸೊಸೆಯ ಮುಖ ನೋಡಲಿಲ್ಲ. ಡಬ್ಬಿಯ ಮುಚ್ಚಳವನ್ನು ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು ಮಾಡಿದರು.

"ಮಗು ಮಲಗಲಿ ಅಂತ ಮಾಡಿದೆ" ಎಂದರು ಕೊನೆಗೆ.

ಈಗ ರೇಸಿನ ಬೆಳಿಗ್ಗೆ ಅಣ್ಣನ ಕೈ ಜೇಬಿನಲ್ಲಿರುವುದಿಲ್ಲ. ಸಾಲಾಗಿ ನಿಂತ ಒಂದೊಂದು ಸೈಕಲ್ಲಿನ ಲಿವರನ್ನೂ ಒತ್ತಿ ನೋಡುತ್ತಾನೆ. ಸಾಲು ಉದ್ದವಾಗುತ್ತದೆ, ಬೈಯುತ್ತಾರೆ, ಅವನಿಗೆ ಕಿವಿ ಕೇಳುವುದಿಲ್ಲ.

ಸೂಜಿಯ ಬೀದಿಗೆ ಬೆಳಗಿನ ಐದಕ್ಕೆ ಬ್ರೆಡ್ ಹಾಕುವವಳು ನಾನು. ರೇಸಾದ ಮುಂದಿನ ವಾರ ಅವಳು ಮತ್ತೆ ಸೈಕಲ್ ಹತ್ತಿ ಹೊರಟಳು. ಬೀದಿ ತಿರುವಿನಲ್ಲಿ ಬ್ರೇಕು ಕಿರುಚಿತು, ಒಳಗೆ ಮಗು ಎದ್ದು ಅತ್ತಿತು. ಕಿಟಕಿಯಲ್ಲಿ ಅತ್ತೆ ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದರು. ನನ್ನ ವ್ಯಾನಿನ ಇಂಜಿನ್ ಆರಿಸುವಂತೆ ಕೈಸನ್ನೆ ಮಾಡಿದರು. ಆರಿಸಿದೆ. ಮುಂದಿನ ತಿರುವಿನಿಂದ ಇನ್ನೊಂದು ಸಲ ಬ್ರೇಕು ಕೂಗುವವರೆಗೆ ಆಕೆ ಮಗುವಿನ ಬೆನ್ನು ತಟ್ಟುತ್ತಾ ಅಲ್ಲೇ ನಿಂತಿದ್ದರು, ಆಮೇಲೆ ಕಿಟಕಿ ಹಾಕಿಕೊಂಡರು.